ಕಾಲರಿನೊಳಗಿನ ಹೆಸರು

ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ಚೀಟಿ ಓದಿದೆ. ಪಾಠದ ನಡುವೆ ನನ್ನ ಮಗಳು ಪಕ್ಕದ ಹುಡುಗಿಯ ಕಾಲರಿಗೆ ಹೆಸರು ಬರೆದ ಬಟ್ಟೆಚೂರು ಹೊಲಿಯಲು ಹೋದದ್ದು ತಪ್ಪೇ. ಸೂಜಿ ನನ್ನ ಹೊಲಿಗೆ ಡಬ್ಬಿಯದು, ಕಿತ್ತುಕೊಂಡಿದ್ದೇನೆ.

ಹೋದ ವಾರ ಎಲ್ಲೋ ದೂರದ ದೇಶದಲ್ಲಿ ಭೂಕಂಪಕ್ಕೆ ಶಾಲೆಯೊಂದು ಕುಸಿದದ್ದನ್ನು ಟಿವಿಯಲ್ಲಿ ತೋರಿಸುತ್ತಿದ್ದರು. ನಾನು ಗಿರಾಕಿಯ ಅಂಗಿಗೆ ಗುಂಡಿ ಹಾಕುತ್ತಾ ಕೂತಿದ್ದೆ, ಟಿವಿ ಆರಿಸಲಿಲ್ಲ.

"ಎಲ್ಲರದ್ದೂ ಒಂದೇ ಯೂನಿಫಾರ್ಮು. ಅಮ್ಮಂದಿರಿಗೆ ತಮ್ಮ ಮಗು ಯಾವುದು ಅಂತಾನೇ ಗೊತ್ತಾಗ್ತಿಲ್ಲ" ಅಂದಳು ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗಳು.

"ಅದು ಬಹಳ ದೂರ ಕಣೇ" ಅಂದೆ. ಸುಮ್ಮನಾದಳು ಅಂದುಕೊಂಡೆ. ಸೂಜಿ ಕದ್ದದ್ದು ಅದೇ ದಿನ.

ತರಗತಿಯ ಮೂವತ್ತೊಂದು ಮಕ್ಕಳ ಹೆಸರನ್ನೂ ಈಗ ನಾನೇ ಬಟ್ಟೆ ಪಟ್ಟಿಗಳ ಮೇಲೆ ಮಿಷನ್ನಿನಲ್ಲಿ ಹೊಲಿದು ಕಳಿಸಿದ್ದೇನೆ. ದಯವಿಟ್ಟು ಕಾಲರಿನೊಳಗೆ ಹಾಕಿಸಿಕೊಳ್ಳಲು ಮನೆಗಳಿಗೆ ತಿಳಿಸಿ. ಅಂಗಿ ಅದಲುಬದಲಾಗದಿರಲಿ ಎಂದರೆ ಸಾಕು, ಬೇರೆ ಕಾರಣ ಹೇಳುವುದು ಬೇಡ.

ಒಂದು ಪಟ್ಟಿ ನಿಮಗೂ ಇದೆ. ನಿಮ್ಮ ಹೆಸರೇನೆಂದು ಅವಳಿಗೆ ಗೊತ್ತಿರಲಿಲ್ಲ. "'ನಮ್ಮ ಟೀಚರ್' ಅಂತ ಹಾಕಮ್ಮ. ಯಾರಿವರು ಅಂತ ಯಾರಾದ್ರೂ ಕೇಳಿದ್ರೆ ನಾವು ಹೇಳ್ತೀವಿ" ಅಂದಳು.

ಇತಿ,
ಮೂರನೇ ಬೆಂಚಿನವಳ ತಾಯಿ