ಗ್ಲೌಸಿನೊಳಗಿನ ಉಂಗುರ

ಮಾರ್ಚ್ 3, ಮಧ್ಯಾಹ್ನ

ಸೆಂಟ್ರಿಫ್ಯೂಜ್ ತಿರುಗುತ್ತಿದೆ. ಐದು ನಿಮಿಷ ಬಿಡುವು, ಬರೆದುಬಿಡುತ್ತೇನೆ.

ಇಲಿಯ ತೊಡೆಮೂಳೆ — ಅರ್ಧ ಬೆಂಕಿಕಡ್ಡಿಯಷ್ಟೂ ಇಲ್ಲ! ತುದಿ ಕತ್ತರಿಸಿ, ಸಪೂರ ಸೂಜಿಯಿಂದ ದ್ರಾವಣ ಹಾಯಿಸಿದೆ. ಮಜ್ಜೆ ಕೆಂಪು ದಾರದಂತೆ ಜಾರಿ ಬಂತು. ಇಲಿಯ ಜೀವ ಹೋಗಿ ಒಂದು ಗಂಟೆ. ಆದರೆ ರಕ್ತ ಹುಟ್ಟಿಸುವ ಜೀವಕೋಶಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ!

ಮದುವೆಯಾಗಿ ಇವತ್ತಿಗೆ ಇಪ್ಪತ್ತೆರಡು ದಿನ. ಎಂದೂ ತೆಗೆಯುವುದಿಲ್ಲ ಎಂದು ಗಂಡನಿಗೆ ಮಾತು ಕೊಟ್ಟ ಉಂಗುರ ಗ್ಲೌಸಿನಡಿ ಉಬ್ಬಿಕೊಂಡಿದೆ. ಲ್ಯಾಬಿನ ಸೀನಿಯರ್ ಅಕ್ಕನ ಕಣ್ಣಿಗೆ ಬಿತ್ತು. “ಏನಮ್ಮ ಮದುಮಗಳೇ, ಇಲಿಗೂ ತೋರಿಸ್ಬೇಕಿತ್ತಾ ಆ ಕಲ್ಲನ್ನ?”

ಸಂಜೆ

ಜೀವಕೋಶಗಳ ಪ್ಲೇಟ್ ಇನ್‌ಕ್ಯುಬೇಟರಿಗೆ ಹೋಯಿತು. ಮೂವತ್ತೇಳು ಡಿಗ್ರಿ — ನನ್ನ ಮೈಯಷ್ಟೇ ಬೆಚ್ಚಗೆ. ಗ್ಲೌಸ್ ಕಳಚಿದಾಗ ಉಂಗುರದ ಬೆರಳು ಒದ್ದೆ. ಬೆವರಿರಬೇಕು.

ಮಾರ್ಚ್ 5

ಎಲ್ಲ ಹೋಯಿತು. ಜೀವಕೋಶಗಳನ್ನು ಸಾಕುವ ಗುಲಾಬಿ ಮೀಡಿಯಂ ಹಳದಿಯಾಗಿ ಕದಡಿದೆ. ಬ್ಯಾಕ್ಟೀರಿಯಾ ಗಿಜಿಗಿಜಿ. ಬ್ಲೀಚ್ ಸುರಿದೆ.

ಗೈಡ್ ಮೇಡಂ ಕೂಗಾಡಲಿಲ್ಲ, ಅದೇ ಭಯ. “ಇನ್ನೊಂದು ಇಲಿ ಕೊಡ್ತೀನಿ. ಒಂದೇ ಒಂದು. ಅದೂ ಹಾಳಾದ್ರೆ ಪ್ರಾಜೆಕ್ಟ್ ಬೇರೆಯವರಿಗೆ.”

ಮನೆಗೆ ಬಂದು ಅತ್ತುಬಿಟ್ಟೆ. ಇವನು ಹಲ್ಲಿನ ಡಾಕ್ಟರ್ ಅಲ್ಲವೇ, ತಕ್ಷಣ ಕೇಳಿದ: “ಉಂಗುರ ತೆಗೆದಿದ್ಯಾ?”

“ಇಲ್ಲ! ಮಾತು ಕೊಟ್ಟಿದ್ನಲ್ಲ!”

“ಅಯ್ಯೋ ಪೆದ್ದಿ, ಕಲ್ಲು ಚುಚ್ಚಿ ಗ್ಲೌಸ್ ಹರಿದಿರುತ್ತೆ. ನಾನು ದಿನಾ ತೆಗೆದೇ ಹಲ್ಲು ಕೀಳೋದು.”

“ದಿನಾನಾ?!”

“ಮೊದಲ ದಿನದಿಂದ.”

ಇವನ ಜೊತೆ ಮಾತು ಬಿಟ್ಟಿದ್ದೇನೆ.

ಮಾರ್ಚ್ 9

ಮುನಿಸು ನನಗೇ ಸಾಕಾಯಿತು. ಹೇಳದೆ ಕೇಳದೆ ಕ್ಲಿನಿಕ್ಕಿಗೆ ನುಗ್ಗಿದೆ. “ಎಲ್ಲಿ ಉಂಗುರ?” ಇವನು ಕೋಟು ಸರಿಸಿದ. ಅಂಗಿಯ ಜೇಬಿನೊಳಗೆ, ಸೇಫ್ಟಿ ಪಿನ್ನಿಗೆ ಸಿಕ್ಕಿಸಿಕೊಂಡಿದ್ದ! ಎದೆಗೆ ತಾಗಿಕೊಂಡೇ ಇತ್ತು.

“ತೆಗೆದಿದೀನಿ ಅಷ್ಟೇ ಕಣೆ, ದೂರ ಇಟ್ಟಿಲ್ಲ.”

ಕುರ್ಚಿಯಲ್ಲಿದ್ದ ಅಜ್ಜ ಬಾಯಿ ತೆರೆದುಕೊಂಡೇ ನಕ್ಕರು. ನನ್ನದನ್ನೂ ಕಳಚಿ ಕೊಟ್ಟೆ. ಪಿನ್ ಒಂದೇ, ಉಂಗುರ ಎರಡು.

ಮಾರ್ಚ್ 10

ಕೊನೆಯ ಇಲಿ. ಯಾರಿಗೂ ಕೇಳದಂತೆ ಅದಕ್ಕೆ “ತಪ್ಪಾಯ್ತಮ್ಮ” ಎಂದೆ. ಬೋಳು ಬೆರಳು, ಜೋಡಿ ಗ್ಲೌಸ್. ಬೇಕಾದ ಜೀವಕೋಶಗಳಿಗಷ್ಟೇ ಕಬ್ಬಿಣದ ಕಣ ಅಂಟಿಸಿದೆ; ನಾಲ್ಕು ಕೋಟಿಯಲ್ಲಿ ಅಯಸ್ಕಾಂತ ಹಿಡಿದುಕೊಟ್ಟದ್ದು ಮೂರು ಲಕ್ಷ. ಒಂದು ಹನಿಯ ತುಂಬ ರಕ್ತದ ತವರು!

ಮಾರ್ಚ್ 12

ಮೀಡಿಯಂ ಗುಲಾಬಿ. ತಿಳಿ. ದೇವರೇ.

ಇವತ್ತು ಜೀವಕೋಶಗಳಿಗೆ ಕರೆಂಟು ಕೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಅಷ್ಟರಲ್ಲಿ ಜೀವಕೋಶದ ಪೊರೆಯಲ್ಲಿ ಕಿಂಡಿ ತೆರೆದು, ‘ಹಸಿರಾಗಿ ಹೊಳೆ’ ಎಂದು ಹೇಳುವ ಜೀನ್ ಒಳಹೊಕ್ಕು, ಕಿಂಡಿ ತಾನೇ ಮುಚ್ಚಿಕೊಳ್ಳಬೇಕು. ಬಹಳಷ್ಟು ಸಾಯುತ್ತವೆ. ಉಳಿದವು ಮಾತು ಕೇಳಿದವೋ ಇಲ್ಲವೋ, ನಾಳೆ ಗೊತ್ತಾಗುತ್ತದೆ.

ಮಾರ್ಚ್ 13, 11.20

ಕತ್ತಲೆ ಕೋಣೆ, ಎದುರಿಗೆ ಮೈಕ್ರೋಸ್ಕೋಪು. ಮೊಬೈಲ್ ಬೆಳಕಿನಲ್ಲಿ ಗೀಚುತ್ತಿದ್ದೇನೆ. ಅಕ್ಕ ಬೆನ್ನ ಹಿಂದೆ, ಉಸಿರು ನನ್ನ ಕಿವಿಗೆ.

“ಕಾಣ್ತಾ?”

ಕಪ್ಪು. ಬರೀ ಕಪ್ಪು. ಮೇಡಂ ಬಾಗಿಲಲ್ಲಿ ನಿಂತಿದ್ದಾರೆ. ಫೋಕಸ್ ಒಂದು ಕೂದಲೆಳೆ ತಿರುಗಿಸಿದೆ —

ಹಸಿರು. ಒಂದು ಚುಕ್ಕೆ. ಅಲ್ಲಿ ಇನ್ನೊಂದು. ಅಯ್ಯೋ, ಇಡೀ ಆಕಾಶವೇ...

“ಬಾಯಿ ಮುಚ್ಚಿ ಎಣಿಸೇ!” ಅಕ್ಕ ನನ್ನ ಭುಜ ಅಲ್ಲಾಡಿಸುತ್ತಿದ್ದಾಳೆ. ಎಣಿಸುವುದೆಲ್ಲಿಂದ ಬಂತು! ಮೂಲೆಯಲ್ಲಿರುವ ಒಂದು, ನಡುವಿನಲ್ಲಿ ಸಣ್ಣಗಾಗುತ್ತಿದೆ, ಒಂದೇ ಇದ್ದದ್ದು ನನ್ನ ಕಣ್ಣೆದುರೇ ಎರಡು —