ಕಣದ ಮೇಲೆ ಬೂಟು

18-1-98, ಭಾನುವಾರ

ಬರೆಯಬೇಕಂತೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವನ ಕೈಗೆ ಮಗಳು ಪ್ರಮೀಳಾ ಡೈರಿ ಕೊಟ್ಟಿದ್ದಾಳೆ. ನನಗೆ ಬಿ.ಪಿ.ಯಂತೆ, ಬೈಯೋದನ್ನೆಲ್ಲ ಇದರಲ್ಲೇ ಬೈಯಬೇಕಂತೆ. ಎದುರಿಗೆ ಆಳಿಲ್ಲದೆ ಬೈದರೆ ಏನು ಸುಖ?

ಇವತ್ತು ಮೈಸೂರಿಂದ ಕಿರಣ್‌ಕುಮಾರ್ ಅಂತ ಸಿನಿಮಾ ಡೈರೆಕ್ಟರ್ ಬಂದಿದ್ದ. ಶೂಟಿಂಗಿಗೆ ನಮ್ಮ ರಾಗಿ ಕಣ ಬೇಕಂತೆ. ಕಣದ ನಡುವೆ ಡೈನಿಂಗ್ ಟೇಬಲ್. ಕೋಟು ತೊಟ್ಟ, ರೇಷ್ಮೆ ಸೀರೆ ಉಟ್ಟ ಆರು ಜನ ಶ್ರೀಮಂತರು. ಸುತ್ತ ನಮ್ಮ ಎತ್ತು ರಾಗಿ ತುಳಿಯುತ್ತಿರಬೇಕು. ತಟ್ಟೆಯ ಮುಚ್ಚಳ ತೆಗೆದರೆ ಮಣ್ಣು. ಅದನ್ನೇ ಚಮಚದಲ್ಲಿ ತಿಂದು ರುಚಿ ಹೊಗಳುತ್ತಾರೆ. ಕಥೆ ಎಲ್ಲಿ ಅಂದೆ. ಕನಸಿದ್ದ ಹಾಗೆ ಯಜಮಾನರೇ, ದೊಡ್ಡವರ ಬಣ್ಣ ಬಯಲು ಮಾಡೋದು ಅಂದ. ದೊಡ್ಡವರಿಗೆ ಮಣ್ಣು ತಿನ್ನಿಸೋದಾದರೆ ಬಾಡಿಗೆಯೂ ಬೇಡ ಅಂದೆ. ಒಂದೇ ಮಾತು — ಕಣದ ಮೇಲೆ ಎಕ್ಕಡ, ಬೂಟು ಕೂಡದು. ಆಗಲಿ ಅಂತ ತಲೆ ಆಡಿಸಿದ.

21-1-98, ಸಂಜೆ

ಆರು ಜನವೂ ಬೂಟು, ಹೈಹೀಲ್ಡು ಹಾಕಿಕೊಂಡೇ ಕೂತರು. ನನ್ನ ಹೆಂಡತಿ ಸಾಕಮ್ಮ ಮೊನ್ನೆಯಷ್ಟೇ ಸಗಣಿ ಸಾರಿಸಿ ಪೂಜೆ ಮಾಡಿದ್ದ ಕಣ. ನಾನು ಎತ್ತು ಹಿಡಿದಿದ್ದೆ, ಬಿಡುವಂತಿಲ್ಲ. ಅವಳೇ ನುಗ್ಗಿದಳು. ಕ್ಯಾಮೆರಾ ಓಡುತ್ತಿತ್ತು. ಬಗ್ಗಿ ಒಬ್ಬನ ಬೂಟಿಗೆ ಕೈ ಹಾಕಿದಳು.

"ಅನ್ನ ಬೀಳೋ ಜಾಗ ಕಣಯ್ಯಾ ಇದು. ನಿಮ್ಮವ್ವ ಏಳಿಕೊಡ್ನಿಲ್ವಾ? ಎತ್ತು ಕಾಲ."

ಆರು ಜೊತೆಯನ್ನೂ ಕಿತ್ತು ಬೇಲಿಯಾಚೆ ಎಸೆದಳು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಿ.ಪಿ. ಎಲ್ಲಿತ್ತೋ.

6-12-98

ಹತ್ತು ತಿಂಗಳು ಬರೆಯಲಿಲ್ಲ. ಬೈಯಬೇಕಾದೋರನ್ನು ಎದುರಿಗೇ ಬೈದೆ. ಇವತ್ತು ಎದುರಿಗೆ ಬೈದದ್ದು ಸಾಲದು.

ಮೈಸೂರಲ್ಲಿ ಆ ಪಿಕ್ಚರ್ ತೋರಿಸಿದರು. ನಮ್ಮಿಬ್ಬರನ್ನೂ ಕರೆದಿದ್ದರು. ಹಾಲ್ ತುಂಬ ಕಾರಿನಲ್ಲಿ ಬಂದವರು. ಪರದೆಯ ಮೇಲೆ ಸಾಕಮ್ಮ. ಬಾಯಿ ಆಡುತ್ತದೆ, ಮಾತಿಲ್ಲ... ಮಾತು ತೆಗೆದು ಪಿಟೀಲು ಇಟ್ಟಿದ್ದಾನೆ. ಬಗ್ಗುತ್ತಾಳೆ, ಬೂಟು ಬಿಚ್ಚುತ್ತಾಳೆ. ಇನ್ನೊಬ್ಬನ ಕಾಲು. ಇನ್ನೊಬ್ಬನದು. ಎಸೆದದ್ದೇ ಇಲ್ಲ. ಶ್ರೀಮಂತರ ಕಾಲು ಹಿಡಿಯುವ ಆಳಾಗಿ ಹೋದಳು. ಜನ ಚಪ್ಪಾಳೆ ಹೊಡೆದರು. ಪಾಪ, ಎಷ್ಟು ನ್ಯಾಚುರಲ್ ಅಂದಳು ಪಕ್ಕದ ಸೀಟಿನ ಸೆಂಟಿನ ಹೆಂಗಸು. ಅವಳ ಮೊಣಕೈಗೆ ತಾಗಿ ಕೂತಿದ್ದವಳು ಸಾಕಮ್ಮನೇ. ಗುರುತು ಹತ್ತಲಿಲ್ಲ.

ಹೊರಗೆ ಡೈರೆಕ್ಟರನ್ನು ತಡೆದು ನಿಲ್ಲಿಸಿದೆ. ಅದು ಶ್ರೀಮಂತರ ಮೇಲಿನ ವ್ಯಂಗ್ಯ, ನಿಮಗೆ ಗೊತ್ತಾಗಲ್ಲ ಅಂದ.

"ಅವರನ್ನ ಬೈದೋಳು ಅವಳು. ಅವಳ ಬಾಯಿಗೆ ಬಟ್ಟೆ ತುರುಕ್ದೋನು ನೀನು ಕಣಯ್ಯಾ."

ಕಾರು ಹತ್ತಿದ. ನಮ್ಮೂರು ಗುರುಪುರ ಬರುವವರೆಗೂ ಬಸ್ಸಿನಲ್ಲಿ ಸಾಕಮ್ಮ ಸೆರಗಿಗೆ ಕೈ ಒರೆಸುತ್ತಲೇ ಇದ್ದಳು.

3-1-99

ಕೊಯ್ದ ರಾಗಿ ಮೆದೆಯಲ್ಲೇ ಇದೆ. ಕಣ ಸಾರಿಸುವುದಿಲ್ಲ ಅನ್ನುತ್ತಾಳೆ. ಮೂವತ್ತೆಂಟು ವರ್ಷದಿಂದ ಅವಳದೇ ಕೈ. ಗದರಿದೆ. ಆಮೇಲೆ ಗದರದೆ ಕೇಳಿದೆ.

"ಬಗ್ಗಕಾಗಾಕಿಲ್ಲ ಬುಡಿ. ಬಗ್ಗುದ್ರೆ ಆ ಪರದೇಲಿರೋಳೇ ಕಣ್ಮುಂದೆ ಬತ್ತಾಳೆ."

4-1-99

ಕಾಗದ ಹಾಕುತ್ತೇನೆ. ಮೊದಲು ಇಲ್ಲಿ ಬರೆದು ನೋಡುವುದು —

ಕಿರಣ್‌ಕುಮಾರ್, ಬರುವ ತಿಂಗಳು ಬೆಂಗಳೂರಿನಲ್ಲೂ ತೋರಿಸುತ್ತೀಯಂತೆ. ಸಾಕಮ್ಮನ ಮಾತು ಆಡಿದ ಹಾಗೇ ವಾಪಸ್ ಹಾಕು. ಬೂಟು ಎಸೆದದ್ದನ್ನೂ ಹಾಕು. ಆಗದಿದ್ದರೆ ನನ್ನ ಕಣ, ನನ್ನ ಎತ್ತು, ನನ್ನ ಹೆಂಡತಿ ಮೂರನ್ನೂ ತೆಗೆ. ಮಣ್ಣು ತಿನ್ನುವ ಆರು ಜನ ನಿನಗೇ ಇರಲಿ. ಹಾಕುತ್ತೀಯೋ, ಇಲ್ಲವೋ. ಜನವರಿ ಹದಿನೈದರೊಳಗೆ ಉತ್ತರ ಬೇಕು.