ಶುಕ್ರವಾರವಿಲ್ಲದ ಲಾಡ್ಜು

ಗುರುಕೃಪಾ ಲಾಡ್ಜು, ಮಹಡಿ ರೂಮು
ಬಸ್‌ಸ್ಟ್ಯಾಂಡಿನ ಎದುರು, ಕಡೂರು
14-6-1979, ಗುರುವಾರ ಸಂಜೆ

ತಂದೆಯ ಸ್ಥಾನದಲ್ಲಿರುವ, ತೆಂಗಿನಕಾಯಿ ಮಂಡಿಯ ಯಜಮಾನರಾದ, ಸದ್ಯಕ್ಕೆ ನನ್ನ ಮೇಲೆ ಕೆಂಡವಾಗಿರುವ ಅಣ್ಣ ಷಣ್ಮುಖಪ್ಪನವರಿಗೆ, ನೀವೇ ಮುಂದೆ ನಿಂತು ಅಜ್ಜಂಪುರಕ್ಕೆ ಧಾರೆಯೆರೆದು ಕೊಟ್ಟ ತಂಗಿ ಮಲ್ಲಿಕಾಂಬ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವೂ ಕ್ಷೇಮವೆಂಬುದು ಕಿಟಕಿಯಿಂದಲೇ ಕಾಣುತ್ತಿದೆ. ಮಂಡಿಯ ಬಾಗಿಲಲ್ಲಿ ನಿಂತು, ಆಕಾಶ ನೋಡುವವರ ಹಾಗೆ ಆಗಾಗ ಈ ಮಹಡಿಯನ್ನು ನೋಡುತ್ತಿದ್ದೀರಿ. ಮಳೆ ಬರುವ ಲಕ್ಷಣವಿಲ್ಲ. ನಾನು ಇಳಿದು ಬರುವ ಲಕ್ಷಣವೂ ಇಲ್ಲ.

ಮಧ್ಯಾಹ್ನ ನಿಮ್ಮ ಮಂಡಿಯ ಬೀರಪ್ಪ ಬಂದು ನಿಮ್ಮ ಮಾತನ್ನು ಚಾಚೂ ತಪ್ಪದೆ ಒಪ್ಪಿಸಿದ. "ಅಣ್ಣನ ಮನೆ ಊರಲ್ಲೇ ಇರುವಾಗ ತಂಗಿ ಲಾಡ್ಜಲ್ಲಿ ಮಲಗಿದ್ರೆ ನಾನು ಬಜಾರಲ್ಲಿ ತಲೆ ಎತ್ತಂಗಿಲ್ಲ. ಕತ್ತಲಾಗೋದ್ರೊಳಗೆ ಬಂದ್ರೆ ಸರಿ. ಇಲ್ದಿದ್ರೆ ಇನ್ಮೇಲೆ ತವರಿನ ಹೊಸ್ತಿಲು ತುಳಿಯೋದು ಬ್ಯಾಡ, ಗೌರಿಹಬ್ಬಕ್ಕೆ ಬಾಗಿನಾನೂ ಬರಲ್ಲ." ಇಷ್ಟು ಹೇಳಿ, ಪಾಪ, ಹೆದರಿ ತನ್ನದೊಂದು ಸೇರಿಸಿದ: "ಇದು ನನ್ನ ಮಾತಲ್ಲ ಕಣಕ್ಕಾ, ಯಜಮಾನ್ರದ್ದು."

ಹೊಸ್ತಿಲಿನ ವಿಷಯವನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು. ಹೋದ ವರ್ಷ ಹೊಲಿಗೆ ಟೀಚರ್ ಕೆಲಸಕ್ಕೆ ಚಿಕ್ಕಮಗಳೂರಿನಿಂದ ನನಗೆ ಸಂದರ್ಶನದ ಕರೆ ಬಂದಿತ್ತು. ಅಜ್ಜಂಪುರದಿಂದ ಬೆಳಿಗ್ಗೆ ಹೊರಟರೆ ಹೊತ್ತಿಗೆ ಸರಿಯಾಗಿ ಮುಟ್ಟುವುದು ಆಗದ ಮಾತೆಂದು ಹಿಂದಿನ ದಿನವೇ ನಿಮ್ಮ ಮನೆಗೆ ಬಂದು ಉಳಿದೆ. ಬೆಳಗಾದರೆ ಶುಕ್ರವಾರ. ನಾನು ಸೀರೆ ಉಟ್ಟು, ಹೊಲಿಗೆಯ ಮಾದರಿಗಳ ಚೀಲ ಹಿಡಿದು ಬರುವಷ್ಟರಲ್ಲಿ ನೀವು ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ ಕೂತಿದ್ದಿರಿ. "ಶುಕ್ರವಾರ ಮನೆಮಗಳನ್ನ ಆಚೆ ಕಳಿಸಿ ನಾನು ಲಕ್ಷ್ಮೀನ ಕಳಿಸಿಕೊಡ್ಲೇನೆ? ನಾಳೆ ಹೋಗು. ಸರ್ಕಾರ ಎಲ್ಲಿಗೆ ಓಡೋಗುತ್ತೆ?" ಎಂದಿರಿ. ಸರ್ಕಾರ ಓಡಿಹೋಗಲಿಲ್ಲ. ಬಸ್ಸು ಓಡಿಹೋಯಿತು. ಆಮೇಲೆ ನನ್ನ ಸಮಾಧಾನಕ್ಕೆಂದು ಅತ್ತಿಗೆಯಿಂದ ಹೋಳಿಗೆ ಮಾಡಿಸಿದಿರಿ. ಕೈಗೆ ಬಂದ ಕೆಲಸ ತಪ್ಪಿದ ದಿನ ಹೋಳಿಗೆ ಉಂಡ ಮನೆತನ ಈ ತಾಲ್ಲೂಕಿನಲ್ಲಿ ನಮ್ಮದೊಂದೇ ಇರಬೇಕು.

ಹೀಗೆ ಒಳಗಿದ್ದಾಗ ಹೊಸ್ತಿಲು ದಾಟಬೇಡ ಎಂದವರು ನೀವು. ಹೊರಗಿರುವಾಗ ಹೊಸ್ತಿಲು ತುಳಿಯಬೇಡ ಎನ್ನುವವರೂ ನೀವೇ. ನಿಮ್ಮ ಹೊಸ್ತಿಲಿನ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಒಮ್ಮೆ ಬಡಗಿಯನ್ನು ಕರೆಸಿ ಕೇಳಿ.

ಈ ವರ್ಷವೂ ಕರೆ ಬಂತು. ನಮ್ಮ ಗ್ರಹಚಾರಕ್ಕೆ ಈ ಸಲವೂ ಶುಕ್ರವಾರವೇ. ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರುತ್ತದೆ. ನಾಳೆ ತಪ್ಪಿದರೆ ನಾನು ಸಾಯುವವರೆಗೂ ಅಜ್ಜಂಪುರದ ಜಗಲಿಯ ಮೇಲೆ ಊರವರ ರವಿಕೆಗೆ ಗುಂಡಿ ಹಾಕುತ್ತಾ ಕೂರಬೇಕು. ಮಾತು ಕಡಿಮೆಯ ನಮ್ಮ ಮನೆಯವರು ಕೂಡ ರೈಲು ಹತ್ತಿಸುವಾಗ, "ನಿಮ್ಮಣ್ಣನ ಮನೆಗೆ ಮಾತ್ರ ಹೋಗಬೇಡ ಕಣೇ, ಅಲ್ಲಿ ಶುಕ್ರವಾರ ಇರುತ್ತೆ" ಎಂದರು.

ಈ ಲಾಡ್ಜಿನ ಘನತೆಯನ್ನು ಸ್ವಲ್ಪ ವರ್ಣಿಸುತ್ತೇನೆ, ಸಿಟ್ಟನ್ನು ಬದಿಗಿಟ್ಟು ಓದಿ. ಒಂದು ರಾತ್ರಿಯ ಬಾಡಿಗೆ ಎರಡು ರವಿಕೆ ಹೊಲಿದ ಕೂಲಿಯಷ್ಟೇ. ಅದು ನಾನು ಹೊಲಿದದ್ದು, ನಾನೇ ಕೊಟ್ಟದ್ದು. ಎರಡು ಮಂಚ, ಕಿರುಗುಟ್ಟುವ ಒಂದು ಫ್ಯಾನು, ಮನಸ್ಸು ಬಂದಾಗ ನೀರು ಬಿಡುವ ಒಂದು ನಲ್ಲಿ. ಮೆಟ್ಟಿಲಿಳಿದರೆ ಬಸ್ಸು. "ಸಖರಾಯಪಟ್ಟಣ, ಚಿಕ್ಕಮಗಳೂರ್" ಎಂದು ಕಂಡಕ್ಟರ್ ಕೂಗುವುದು ದಿಂಬಿನವರೆಗೂ ಕೇಳಿಸುತ್ತದೆ. ಎಲ್ಲಕ್ಕಿಂತ ಮಿಗಿಲಾದದ್ದು, ಇಲ್ಲಿ ವಾರದ ಏಳೂ ದಿನ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ.

ರೂಮು ಸುಲಭಕ್ಕೆ ಸಿಗಲಿಲ್ಲ. ಮ್ಯಾನೇಜರ್ ದ್ವಾರಕಾನಾಥರು ಕನ್ನಡಕವನ್ನು ಹಣೆಗೇರಿಸಿ, "ಒಂಟಿ ಹೆಂಗಸರಿಗೆ ಕೊಡಲ್ಲಮ್ಮ. ಈ ಊರಲ್ಲಿ ನಿಮ್ಮೋರು ಯಾರೂ ಇಲ್ವಾ?" ಎಂದು ಕೇಳಿದರು. "ಅಣ್ಣ ಇದ್ದಾರೆ ಸ್ವಾಮಿ, ಅದಕ್ಕೇ ರೂಮು ಕೇಳ್ತಿದೀನಿ" ಎಂದೆ. ಕುರ್ಚಿಯ ಕಥೆಯನ್ನೂ ಹೇಳಿದೆ. ಪೂರ್ತಿ ಕೇಳಿ ಬೀಗದಕೈ ಕೊಟ್ಟರು. ಆಮೇಲೆ ನಿಮಗೂ ಸುದ್ದಿ ಮುಟ್ಟಿಸಿದರೆಂದು ಕಾಣುತ್ತದೆ. ಇರಲಿ, ಅವರೂ ಈ ಬಜಾರಿನಲ್ಲೇ ಬಾಳಬೇಕಲ್ಲ.

ಬೀರಪ್ಪನಿಂದ ಕೆಲಸವಾಗದೆ ಕೊನೆಗೆ ಅವನ ಜೊತೆಗೆ ಗುರುಶಾಂತತ್ತಿಗೆಯನ್ನೇ ಕಳಿಸಿದಿರಿ. ಅತ್ತಿಗೆ ಬರುವಾಗ ಮುಖ ಬಿಗಿದುಕೊಂಡೇ ಬಂದರು. "ಬಾರೇ ಮಲ್ಲಿ, ನಿಮ್ಮಣ್ಣನ ಸಿಟ್ಟು ನಿಂಗೊತ್ತಿಲ್ವಾ" ಎಂದು ಮಂಚದ ತುದಿಗೆ ಕೂತರು. ಅಷ್ಟರಲ್ಲಿ ಕೆಳಗಿನಿಂದ ಕಾಫಿ ಬಂತು. ಅತ್ತಿಗೆ ಲೋಟ ಹಿಡಿದು, "ಇದನ್ನ ಯಾರು ಮಾಡಿದ್ದು?" ಎಂದರು. ಲಾಡ್ಜಿನವರು ಎಂದೆ. "ಲೋಟ ಯಾರು ತೊಳೀತಾರೆ?" ಅವರೇ ಎಂದೆ. ಅತ್ತಿಗೆ ತುದಿಯಿಂದ ಮಂಚದ ನಡುವಿಗೆ ಸರಿದು ಕೂತರು. ಕೊನೆಯ ಗುಟುಕಿನವರೆಗೂ ಕಾಫಿ ಕುಡಿದರು.

ಅಣ್ಣ, ಬಾಗಿನ ಬರದಿದ್ದರೆ ನನಗೆ ಬೇಸರವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹಬ್ಬದ ದಿನ ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ನೋಡುವವಳೇ ನಾನು. ಈ ಸಲ ಬೆಲ್ಲು ನಮ್ಮ ಮನೆ ದಾಟಿ ಹೋದರೆ ಒಳಗೆ ಹೋಗಿ ಒಂದಿಷ್ಟು ಅಳುತ್ತೇನೆ. ಆಮೇಲೆ ಮುಖ ತೊಳೆದುಕೊಂಡು ನನ್ನ ಸಂಬಳದಲ್ಲಿ ಮೊರ ಕೊಂಡು, ಬಳೆ, ಬಿಚ್ಚೋಲೆ ಎಲ್ಲ ಇಟ್ಟು, ನಾನೇ ನಿಮ್ಮ ಮನೆಗೆ ಬಾಗಿನ ತರುತ್ತೇನೆ. ಆಗಲೂ ಬಾಗಿಲಿಗೆ ಕುರ್ಚಿ ಅಡ್ಡ ಹಾಕುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ನಾಳೆ ಮೊದಲ ಬಸ್ಸಿಗೆ ಹೋಗುವುದಂತೂ ಹೋಗುವುದೇ. ಕೆಲಸ ಸಿಗದಿದ್ದರೂ ಚಿಂತೆಯಿಲ್ಲ, ಬೇಡವೆನ್ನುವುದಾದರೆ ಅವರೇ ಅನ್ನಲಿ. ಅವರ ಪರವಾಗಿ ನೀವು ಅನ್ನುವುದು ಬೇಡ.

ಬಜಾರಿನಲ್ಲಿ ಯಾರಾದರೂ ಕೇಳಿದರೆ, ತಂಗಿ ಸರ್ಕಾರಿ ಕೆಲಸದ ಮೇಲೆ ಬಂದಿದ್ದಾಳೆ ಎನ್ನಿ. ತಲೆ ತಾನಾಗಿಯೇ ಮೇಲೆ ಬರುತ್ತದೆ.

ಇಂತಿ ನಿಮ್ಮ ಕಣ್ಣೆದುರಿಗೇ, ಆದರೆ ಕೈಗೆ ಸಿಗದಷ್ಟು ಎತ್ತರದಲ್ಲಿರುವ ತಂಗಿ,
ಮಲ್ಲಿಕಾಂಬ

ತಾ.ಕ.: ಈ ಕಾಗದವನ್ನು ಬೀರಪ್ಪನೊಬ್ಬನೇ ತಂದುಕೊಟ್ಟನೆಂದು ಅವನ ಮೇಲೆ ರೇಗಬೇಡಿ. "ಅವಳನ್ನ ಬಿಟ್ಟು ನೀನೊಬ್ಬಳೇ ವಾಪಸ್ ಬರಬೇಡ" ಎಂದು ಹೇಳಿ ನೀವು ಅತ್ತಿಗೆಯನ್ನು ಕಳಿಸಿದಿರಂತೆ. ಅವರು ಗಂಡನ ಮಾತು ಮೀರುವವರಲ್ಲ. ನನ್ನನ್ನು ಬಿಟ್ಟು ಬರಲಾರೆನೆಂದು ಎರಡನೆಯ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಾರೆ. ನಾಳೆ ನನ್ನ ಚೀಲ ಹಿಡಿದುಕೊಂಡು ಚಿಕ್ಕಮಗಳೂರಿಗೂ ಬರುತ್ತಾರೆ. ಬೆಳಿಗ್ಗೆ ಹೊಸ್ತಿಲು ತೊಳೆದು, ರಂಗೋಲಿಯಿಟ್ಟು, ಲಕ್ಷ್ಮಿಗೆ ದೀಪ ಹಚ್ಚುವುದನ್ನು ನೀವೇ ಮಾಡಿಕೊಳ್ಳಬೇಕಂತೆ. ರಂಗೋಲಿ ಡಬ್ಬಿ ಒಲೆಯ ಹಿಂದಿನ ಗೂಡಿನಲ್ಲಿದೆಯಂತೆ. ಸಂಜೆ ವಾಪಸ್ ಬಂದ ಮೇಲಾದರೂ ಮನೆಗೆ ಕಳಿಸಿಕೊಡೋಣವೆಂದರೆ, ನಾಳೆ ಶುಕ್ರವಾರ. ಮನೆಗೆ ಬಂದ ಹೆಣ್ಣುಮಗಳನ್ನು ಶುಕ್ರವಾರ ಆಚೆ ಕಳಿಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಶನಿವಾರ ಬೆಳಿಗ್ಗೆ ಮಡಿಲು ತುಂಬಿ ಕಳಿಸುತ್ತೇನೆ.